ಕೈಯಲ್ಲಿ ಕಾಸಿಲ್ಲದಾಗ ದಶಮಾಂಶ: ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಚಿಂತಾಮಣಿಯ ಸಹೋದರಿಯೊಬ್ಬರ ಪ್ರಶ್ನೆ:

ನಮ್ಮ ಯಜಮಾನರು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿ ಏಳು ತಿಂಗಳಾಯಿತು. ನನ್ನ ಹೊಲಿಗೆಯ ದುಡಿಮೆಯಲ್ಲೇ ಸಂಸಾರ ಸಾಗುತ್ತಿದೆ, ಒಡವೆ ಅಡವಿನಲ್ಲಿದೆ. ನಾಲ್ಕು ತಿಂಗಳಿಂದ ಚರ್ಚಿಗೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಟ್ಟಿಲ್ಲ. ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ಬೈಬಲಿನ ಮಲಾಕಿಯ 3:10ನ್ನು (ದಶಮಾಂಶವನ್ನೆಲ್ಲ ಕಣಜಕ್ಕೆ ತನ್ನಿ, ಆಶೀರ್ವಾದ ಸುರಿಸುತ್ತೇನೆ ಎಂದು ದೇವರು ಹೇಳುವ ವಚನ) ಓದಿ, ಕೊಡದೆ ಇರುವುದರಿಂದಲೇ ನಮ್ಮ ಕಷ್ಟ ತೀರುತ್ತಿಲ್ಲ ಎಂದರು. ಕೈಸಾಲ ಮಾಡಿಯಾದರೂ ಕೊಡಬೇಕೇ? ಇಂಥ ದಿನಗಳನ್ನು ಕಂಡವರು ದಯವಿಟ್ಟು ತಿಳಿಸಿ.

ಕೋಲಾರ ತಾಲ್ಲೂಕಿನಿಂದ:

ಪ್ರಿಯ ಸಹೋದರಿ, ಸಾಲ ತಂದು ದಶಮಾಂಶ ಕೊಟ್ಟವಳು ನಾನು; ಆದ್ದರಿಂದ ಬೇಡವೆಂದು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಮ್ಮ ಒಂದೂವರೆ ಎಕರೆ ಟೊಮೆಟೊ ಕೊಯ್ಲಿಗೆ ಬಂದಿತ್ತು. ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸಿಗೆ ಕೂಗಿದ ಬೆಲೆಯಲ್ಲಿ ಕೊಯ್ಲಿನ ಕೂಲಿ, ಟೆಂಪೊ ಬಾಡಿಗೆ ಮತ್ತು ಮಂಡಿಯ ಕಮಿಷನ್ ಕಳೆದರೆ ಕೈಗೆ ಏನೂ ಉಳಿಯುತ್ತಿರಲಿಲ್ಲವಾದ್ದರಿಂದ ಕೊನೆಯ ಎರಡು ಕೊಯ್ಲನ್ನು ಗಿಡದಲ್ಲೇ ಬಿಟ್ಟೆವು. ಇಷ್ಟಾದರೂ, ಚರ್ಚ್ ಮತ್ತೆ ತೆರೆದ ಮೊದಲ ಭಾನುವಾರ ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ನೂರಕ್ಕೆ ಮೂರರ ಬಡ್ಡಿಯಲ್ಲಿ 3,000 ರೂಪಾಯಿ ತಂದು, ನಮ್ಮ ಹೆಸರು ಬರೆದ ಲಕೋಟೆಯಲ್ಲಿ ಹಾಕಿ ಕೊಟ್ಟೆ. ಬಡ್ಡಿಯ ದಿನ ಬಂದಾಗಲೆಲ್ಲ ದೇವರ ಮೇಲೆಯೇ ಸಿಟ್ಟು ಬರುತ್ತಿತ್ತು. ಆ ಲಕೋಟೆಯನ್ನು ದೇವರು ಕೇಳಿರಲಿಲ್ಲ. ಅದನ್ನು ಕೇಳಿದ್ದು ನನ್ನ ಮರ್ಯಾದೆ.

ಒಂದು ಸಂಜೆ ನಮ್ಮ ಸಭಾಪಾಲಕರ ಮುಂದೆ ಇದನ್ನು ಹೇಳಿಕೊಂಡಾಗ ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಯಾಜಕಕಾಂಡದ 12ನೆಯ ಅಧ್ಯಾಯವನ್ನು ತೆರೆದು ನನ್ನಿಂದಲೇ ಓದಿಸಿದರು. ಹೆರಿಗೆಯಾದ ಹೆಂಗಸು ಕುರಿಮರಿಯನ್ನು ತರಬೇಕು, ಅದಕ್ಕೆ ಗತಿಯಿಲ್ಲದಿದ್ದರೆ ಎರಡು ಪಾರಿವಾಳದ ಮರಿಗಳು ಸಾಕು ಎಂದು ಅಲ್ಲಿದೆ. 5ನೆಯ ಅಧ್ಯಾಯದ ಪ್ರಕಾರ ದೋಷಪರಿಹಾರದ ಬಲಿಗೆ ಪಕ್ಷಿಗಳನ್ನೂ ತರಲಾರದವನು ಸ್ವಲ್ಪ ಹಿಟ್ಟನ್ನು ತಂದರಾಯಿತು. ಅನಂತರ ಅವರು ಲೂಕ 2:24ನ್ನು ತೋರಿಸಿದರು: ಮರಿಯಳು ಮತ್ತು ಯೋಸೇಫರು ಮಗುವನ್ನು ದೇವಾಲಯಕ್ಕೆ ಕರೆತಂದಾಗ ಅವರ ಕಾಣಿಕೆಯ ವಿಷಯದಲ್ಲಿ ಕುರಿಮರಿಯ ಮಾತೇ ಇಲ್ಲ, ಹಕ್ಕಿಗಳ ಮಾತು ಮಾತ್ರ ಇದೆ. ಯೇಸುವಿನ ಮನೆಯವರೇ ಬಡವರ ಸಾಲಿನಲ್ಲಿ ನಿಂತಿದ್ದರೆಂಬುದು ಮೂವತ್ತು ವರ್ಷ ಕ್ರಿಸ್ಮಸ್ ಪ್ರಸಂಗ ಕೇಳಿದ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ.

ದಶಮಾಂಶವೆಂಬುದು ಹುಟ್ಟುವಳಿಯ ಹತ್ತರಲ್ಲೊಂದು. ಸಾಲ ಹುಟ್ಟುವಳಿಯಲ್ಲ, ಅದು ಬೇರೊಬ್ಬರ ದುಡ್ಡು. ಆ ವರ್ಷವೆಲ್ಲ ನಾನು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟು, ತುಂಬಿದಾಗ ಸ್ತ್ರೀಯರ ಸಂಘಕ್ಕೆ ಒಯ್ದು ಕೊಟ್ಟೆ. ಅಕ್ಕಿ ಮುಗಿದ ವಾರ ರಾಗಿ ಹಾಕಿದ್ದೂ ಉಂಟು; ಎರಡೂ ಬೆರೆತು, ಆರಿಸುವವರಿಗೆ ತೊಂದರೆಯಾಯಿತೆಂದು ಆಮೇಲೆ ತಿಳಿಯಿತು.

ತುಮಕೂರಿನಿಂದ:

ಮೇಲಿನ ಅಕ್ಕನವರ ಮಾತನ್ನು ಒಪ್ಪುತ್ತೇನೆ, ಆದರೆ ನನ್ನ ಅನುಭವ ಸ್ವಲ್ಪ ಬೇರೆ. ಆಟೋ ಓಡಿಸುವ ನನಗೆ ದಿನಕ್ಕೊಂದು ಲೆಕ್ಕ. ಗ್ಯಾಸ್ ಮತ್ತು ಆಟೋ ಸಾಲದ ಕಂತು ಕಳೆದು ಉಳಿದದ್ದರಲ್ಲಿ ನೂರಕ್ಕೆ ಹತ್ತನ್ನು ನಾನು ಕೆಟ್ಟ ದಿನಗಳಲ್ಲೂ ತೆಗೆದಿಟ್ಟಿದ್ದೇನೆ. ಅದರಿಂದ ಬಾಡಿಗೆ ಹೆಚ್ಚು ಸಿಕ್ಕಿತೆಂದು ಸಾಕ್ಷಿ ಹೇಳಲಾರೆ, ಸಿಕ್ಕಿಲ್ಲ. ಆದರೆ ನಾಳೆಯ ಭಯ ನನ್ನನ್ನು ಪೂರ್ತಿಯಾಗಿ ಹಿಡಿದುಕೊಳ್ಳಲಿಲ್ಲ. ಮನೆಯವಳು ಒಪ್ಪಿದ್ದರಿಂದ ಮಾತ್ರ ಇದು ನಡೆಯಿತು. ಮಕ್ಕಳ ಫೀಸು ಕಟ್ಟದೆ ಕೊಟ್ಟಿದ್ದರೆ ಅದು ಮಾರ್ಕ 7ರಲ್ಲಿ ಯೇಸು ಖಂಡಿಸಿದ ಕೊರ್ಬಾನ್ ಆಗುತ್ತಿತ್ತು: ದೇವರಿಗೆ ಮೀಸಲೆಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸಿದವರ ಕಥೆ ಅದು.

ಆ ಹಿರಿಯರಿಗೆ ನನ್ನದೊಂದು ವಿನಂತಿ. ಮಲಾಕಿಯ 3:10ನ್ನು ಓದುವವರು ಐದು ವಚನ ಹಿಂದಕ್ಕೆ ಹೋಗಿ 3:5ನ್ನೂ ಓದಬೇಕು. ಕೂಲಿಯವನ ಸಂಬಳದಲ್ಲಿ ಮೋಸ ಮಾಡುವವರಿಗೂ ವಿಧವೆಯರನ್ನು, ಅನಾಥರನ್ನು ಪೀಡಿಸುವವರಿಗೂ ವಿರುದ್ಧವಾಗಿ ಸಾಕ್ಷಿಯಾಗಿ ಬರುತ್ತೇನೆಂದು ಅದೇ ದೇವರು ಅಲ್ಲಿ ಹೇಳಿದ್ದಾನೆ. ಕಾರ್ಖಾನೆ ಮುಚ್ಚಿದ್ದಕ್ಕೆ ಕಾರಣವನ್ನು ಈ ಸಹೋದರಿಯ ಲಕೋಟೆಯಲ್ಲಿ ಹುಡುಕುವುದು ಎಂಥ ನ್ಯಾಯ?

ಬಂಗಾರಪೇಟೆಯಿಂದ:

ನಾನು ಆರು ವರ್ಷದಿಂದ ಸಭೆಯ ಖಜಾಂಚಿ. ಕೊಡಲಾಗದವರು ಮೊದಲು ನಿಲ್ಲಿಸುವುದು ಕಾಣಿಕೆಯನ್ನು, ಎರಡು ಮೂರು ವಾರದಲ್ಲಿ ಆರಾಧನೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಸಭೆಗೆ ನಿಜವಾದ ನಷ್ಟ ಈ ಎರಡನೆಯದೇ. 2001ರ ಫೆಬ್ರವರಿ 28ರಂದು ಕೆಜಿಎಫ್ ಚಿನ್ನದ ಗಣಿ ಮುಚ್ಚಿದಾಗ ಅಲ್ಲಿ ಕೆಲಸಕ್ಕಿದ್ದ ನಮ್ಮ ತಂದೆಯವರೂ ಹಾಗೆಯೇ ಮಾಡಿದರು. ಚಂದಾ ಬಾಕಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ನೋಡಲಾರದೆ ಒಂದು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ನಾನು ಖಜಾಂಚಿಯಾದ ಮೇಲೆ ಆ ಪಟ್ಟಿಯನ್ನು ಗೋಡೆಗೆ ಹಚ್ಚುವ ಪದ್ಧತಿಯನ್ನು ನಮ್ಮ ಸಭೆಯಲ್ಲಿ ನಿಲ್ಲಿಸಿದೆವು.

ಇನ್ನೊಂದು ಮಾತು. ಧರ್ಮೋಪದೇಶಕಾಂಡ 14:28-29ರ ಪ್ರಕಾರ ಮೂರು ವರ್ಷಕ್ಕೊಮ್ಮೆ ದಶಮಾಂಶವು ದೇವಾಲಯದ ಸೇವೆಯ ಕುಲದವರಾದ ಲೇವಿಯರ ಜೊತೆಗೆ ಪರದೇಶಿಗಳಿಗೆ, ಅನಾಥರಿಗೆ ಮತ್ತು ವಿಧವೆಯರಿಗೆ ಊರಲ್ಲೇ ಸೇರಬೇಕಿತ್ತು. ಅಂದರೆ ಆ ಕಣಜದಿಂದ ತೆಗೆದುಕೊಳ್ಳುವವರೂ ಇರಬೇಕು. ಈ ವರ್ಷ ಅದು ನೀವು. ಸಹಾಯ ನಿಧಿಯಿದೆಯೇ ಎಂದು ನಿಮ್ಮ ಸಭಾಪಾಲಕರನ್ನು ಈ ವಾರವೇ ಕೇಳಿ, ಯಜಮಾನರೂ ಜೊತೆಗಿರಲಿ. ಭಾನುವಾರವನ್ನು ಮಾತ್ರ ತಪ್ಪಿಸಬೇಡಿ. ವರ್ಷದ ನಂತರ ಚರ್ಚಿಗೆ ಬಂದ ನಮ್ಮ ತಂದೆಯವರು ಕಾಣಿಕೆ ಚೀಲ ಹತ್ತಿರ ಬಂದಾಗ ಮುಷ್ಟಿ ಬಿಗಿದು ಒಳಗೆ ಹಾಕಿ, ಬಿಚ್ಚಿ ಹೊರತೆಗೆಯುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ನನಗೆ ಮಾತ್ರ ಗೊತ್ತಿತ್ತು, ಆ ಮುಷ್ಟಿಯಲ್ಲಿ ಏನೂ ಇರುತ್ತಿರಲಿಲ್ಲವೆಂದು.