ರಾಗಿಗೆ ಒಂದು ಸಲವಾದರೂ ಮರಿ ಮಾಡಿಸಬೇಕೇ? ಜೂನ್‌ನಲ್ಲಿ ಬಾಗಲಕೋಟೆಗೆ ಹೊರಡಬೇಕು

ಮೈಸೂರಿನ ಕುವೆಂಪುನಗರದಾಕೆ ಕೇಳಿದ್ದು:

ನಮ್ಮ ಮನೆಯಲ್ಲಿ ರಾಗಿ ಎಂಬ ಹೆಣ್ಣು ಲ್ಯಾಬ್ರಡಾರ್ ಇದ್ದಾಳೆ. ಬಣ್ಣವೇನೋ ಹುರಿಗಡಲೆಯದು. ಮರಿಯಾಗಿ ಬಂದ ಮೊದಲ ವಾರವೇ ಅಡುಗೆಮನೆಗೆ ನುಗ್ಗಿ, ರಾಗಿಹಿಟ್ಟಿನ ಡಬ್ಬಿ ಉರುಳಿಸಿ, ಮೂತಿಗೆಲ್ಲ ಹಿಟ್ಟು ಮೆತ್ತಿಕೊಂಡು ಸೀನುತ್ತಾ ನಿಂತಿದ್ದಳು. ಹೆಸರು ಅಂದೇ ಅಂಟಿತು. ಈಗ ಎರಡು ವರ್ಷ ದಾಟಿದೆ. ತೂಕ ಮೂವತ್ತು ಕಿಲೋ. ಕಳೆದ ಅಕ್ಟೋಬರ್ ಮೊದಲ ವಾರ ಬೆದೆಗೆ ಬಂದಿದ್ದಳು, ಆ ಲೆಕ್ಕದಲ್ಲಿ ಯುಗಾದಿ ಕಳೆದು ಏಪ್ರಿಲ್‌ನಲ್ಲಿ ಮತ್ತೆ ಬರಬೇಕು.

ಹಿಂದಿನ ಬೀದಿಯ ಮೇಷ್ಟರ ಮನೆಯಲ್ಲಿ ಬ್ರೂನೋ ಎಂಬ ಗಂಡು ಲ್ಯಾಬ್ರಡಾರ್ ಇದೆ, ಆರು ವರ್ಷದ್ದು. ಮೇಷ್ಟರು ಸಂಬಂಧ ಕುದುರಿಸುವವರ ಹಾಗೆ ಎರಡು ಸಲ ಮನೆಗೆ ಬಂದು ಕಾಫಿ ಕುಡಿದು ಹೋಗಿದ್ದಾರೆ. ಗಂಡಿನ ಕಡೆಯವರಿಗೆ ಒಂದು ಮರಿ, ಉಳಿದದ್ದೆಲ್ಲ ನಮಗೆ. ನಮ್ಮ ಅತ್ತೆಯವರು ಅವರ ಪಕ್ಷ. "ಹೆಣ್ಣು ಜೀವ, ಒಂದು ಸಲವಾದರೂ ಮಕ್ಕಳ ಮುಖ ನೋಡಬೇಕು. ಆಪರೇಷನ್ ಮಾಡಿಸಿ ಪಾಪ ಕಟ್ಟಿಕೊಳ್ಳಬೇಡ" ಎನ್ನುತ್ತಾರೆ. ಒಮ್ಮೆ ಮರಿ ಹಾಕಿದರೆ ಗರ್ಭಕೋಶದ ಕಾಯಿಲೆ ಬರುವುದಿಲ್ಲ ಎಂದು ಮೇಷ್ಟರೂ ಹೇಳಿದರು.

ಇದರ ನಡುವೆ ನಮ್ಮ ಯಜಮಾನರಿಗೆ ಬಾಗಲಕೋಟೆಗೆ ವರ್ಗವಾಗಿದೆ, ಜೂನ್ 2ಕ್ಕೆ ಹಾಜರಾಗಬೇಕು. ನಾವು, ಮಗ, ಅತ್ತೆ ನಾಲ್ವರೂ ಒಟ್ಟಿಗೆ ಹೊರಡುತ್ತೇವೆ. ರಾಗಿಯನ್ನು ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಕರೆದುಕೊಂಡು ಹೋಗಬಹುದೇ, ಕಾರೇ ಒಳ್ಳೆಯದೇ? ಮರಿ ಮಾಡಿಸುವುದಾದರೆ ಹೋಗುವುದಕ್ಕೆ ಮುಂಚೆಯೇ ಮುಗಿಸಿಬಿಡಬಹುದೇ?

ಜಯಲಕ್ಷ್ಮೀಪುರಂ ಜೆ.:

ಯೋಚನೆ ಏಕೆ? ಮಾಡಿಸಿ. ಒಳ್ಳೆಯ ಲ್ಯಾಬ್ರಡಾರ್ ಮರಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ. ಏಳೆಂಟು ಮರಿಯಾದರೆ ನಿಮ್ಮ ಲಾರಿ ಬಾಡಿಗೆ ಹುಟ್ಟಿತು.

ನಿವೃತ್ತ, ಮಂಡ್ಯ:

ಮೇಲಿನವರ ಲಾರಿ ಬಾಡಿಗೆ ಆಮೇಲೆ ನೋಡೋಣ. ನಾನು ಪಶುಸಂಗೋಪನೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ಡಾಕ್ಟರಲ್ಲ, ಡಾಕ್ಟರ ಪಕ್ಕದಲ್ಲಿ ನಿಂತು ಕೊಂಬು, ಕಾಲು, ಬಾಯಿ ಹಿಡಿದವನು. ಆದ್ದರಿಂದ ಔಷಧಿ ಹೇಳುವುದಿಲ್ಲ, ಕ್ಯಾಲೆಂಡರ್ ಹೇಳುತ್ತೇನೆ. ಗೋಡೆಯಿಂದ ಇಳಿಸಿ ಮುಂದಿಟ್ಟುಕೊಳ್ಳಿ ತಾಯಿ.

ಏಪ್ರಿಲ್ ಮೊದಲ ವಾರ ಬೆದೆ. ಕೂಡಿಸುವ ದಿನ ಬರುವುದು ಹತ್ತು ಹನ್ನೆರಡು ದಿನಗಳ ಮೇಲೆ. ಏಪ್ರಿಲ್ 14 ಎಂದಿಟ್ಟುಕೊಳ್ಳಿ. ನಾಯಿಯ ಗಬ್ಬ ಸುಮಾರು ಅರವತ್ತಮೂರು ದಿನ. ಹೆರಿಗೆ ಜೂನ್ 16ರ ಆಸುಪಾಸು. ಅಂದರೆ ಜೂನ್ 2ರಂದು ನಿಮ್ಮ ರಾಗಿ ಏಳು ವಾರದ ಗಬ್ಬದವಳು, ಹೊಟ್ಟೆ ನೆಲಕ್ಕೆ ಜೋತಿರುತ್ತದೆ. ಅವಳನ್ನು ಐನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿಸಿ, ಗುರುತಿಲ್ಲದ ಮನೆಯಲ್ಲಿ, ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಹೆರಿಗೆ ಮಾಡಿಸುತ್ತೀರಿ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ, 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳಲ್ಲಿ ಅದು ಇದೆ. ಹಾಗಾದರೆ ಆಗಸ್ಟ್ 11ರ ತನಕ ಎಲ್ಲ ಮರಿಗಳೂ ನಿಮ್ಮ ಮನೆಯಲ್ಲೇ. ಕೊಳ್ಳುವವರು ಮೈಸೂರಿನಲ್ಲಿ, ಮರಿಗಳು ಬಾಗಲಕೋಟೆಯಲ್ಲಿ. ಮೇಷ್ಟರು ತಮ್ಮ ಪಾಲಿನ ಮರಿಗಾಗಿ ಅಲ್ಲಿಗೆ ಬರುತ್ತಾರೆಯೇ, ಕೇಳಿ ನೋಡಿ.

ಅದೇ ನಿಯಮಗಳಲ್ಲಿ ಇನ್ನೂ ಇವೆ. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗಬಾರದು, ಮಾರುವುದಕ್ಕಾಗಿ ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು.

ಮರಿ ಹಾಕಿದರೆ ಗರ್ಭಕೋಶದ ಕಾಯಿಲೆ ಬರುವುದಿಲ್ಲ ಎನ್ನುವುದು ಸುಳ್ಳು. ಆಪರೇಷನ್ ಆಗದ ಹೆಣ್ಣು ನಾಯಿಗೆ ವಯಸ್ಸಾಗುತ್ತಾ ಬೆದೆ ಮುಗಿದ ಕೆಲವು ವಾರಗಳ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳಬಹುದು. ಮೂರು ಸೂಲು ಕಂಡ ನಾಯಿಗಳನ್ನೂ ನೀರು ಕುಡಿದು ಕುಡಿದು ಸುಸ್ತಾದ ಸ್ಥಿತಿಯಲ್ಲಿ ಆಟೋದಲ್ಲಿ ಹೊತ್ತು ತಂದದ್ದನ್ನು ನೋಡಿದ್ದೇನೆ. ಗರ್ಭಕೋಶ ತೆಗೆಸಿದರೆ ಆ ಭಯ ಇಲ್ಲ.

ಒಂದು ಕೆಲಸ ಮಾಡಿ. ಬ್ರೂನೋ ಮಲಗಿದ್ದವನು ಏಳುವಾಗ ಹೇಗೆ ಏಳುತ್ತಾನೆ, ಮೆಟ್ಟಿಲು ಹೇಗೆ ಹತ್ತುತ್ತಾನೆ, ನೋಡಿ ಬಂದು ಬರೆಯಿರಿ.

ಕುವೆಂಪುನಗರದಾಕೆ:

ಸಾರ್, ಕ್ಯಾಲೆಂಡರ್ ನೋಡಿ ನಮ್ಮ ಯಜಮಾನರು ಜೋರಾಗಿ ನಕ್ಕರು, ಅತ್ತೆ ನಗಲಿಲ್ಲ.

ನಿನ್ನೆ ಸಂಜೆ ಮೇಷ್ಟರ ಮನೆಯ ಸ್ಟೀಲ್ ಡಬ್ಬಿ ಹಿಂದಿರುಗಿಸುವ ನೆಪದಲ್ಲಿ ಹೋಗಿದ್ದೆ. ಬ್ರೂನೋ ಜಗಲಿಯಲ್ಲಿ ಮಲಗಿದ್ದ. ನನ್ನನ್ನು ಕಂಡು ಬಾಲ ಆಡಿಸಿದ, ಆದರೆ ತಕ್ಷಣ ಏಳಲಿಲ್ಲ. ಮುಂಗಾಲು ಊರಿ ಎದೆ ಎತ್ತಿ ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದ, ಆಮೇಲೆ ಹಿಂಭಾಗವನ್ನು ಎಳೆದುಕೊಂಡ ಹಾಗೆ ಎದ್ದ. ಮನೆಯ ಮೂರು ಮೆಟ್ಟಿಲು ಹತ್ತುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿದ. ಇಷ್ಟು ದಿನ ಅದನ್ನು ಮುದ್ದಾಗಿದೆ ಎಂದುಕೊಂಡಿದ್ದೆ. ಮೇಷ್ಟರ ಮನೆಯವರು "ದಪ್ಪ ಆಗಿದ್ದಾನೆ, ಅದಕ್ಕೆ" ಎಂದರು.

ನಿವೃತ್ತ, ಮಂಡ್ಯ:

ನನ್ನ ಅನುಮಾನ ಅದೇ ಆಗಿತ್ತು. ದಪ್ಪವೂ ಇರಬಹುದು. ಆದರೆ ಮೊಲದ ಕುಪ್ಪಳಿಕೆ ಸೊಂಟದ ಕೀಲು ಸರಿಯಾಗಿ ಕೂಡದ ನಾಯಿಗಳ ಗುರುತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು, ತಂದೆತಾಯಿಯಿಂದ ಮರಿಗೆ ಇಳಿಯುತ್ತದೆ. ತೂಕ ಹೆಚ್ಚಿದ್ದರೆ ನೋವು ಇನ್ನೂ ಹೆಚ್ಚು. ಎಕ್ಸ್‌ರೇ ತೆಗೆಸದೆ ಖಚಿತವಾಗಿ ಹೇಳಲಾಗದು. ಮರಿ ಮಾಡಿಸಬೇಕೆನ್ನುವವರು ಗಂಡು ಹೆಣ್ಣು ಎರಡರ ಸೊಂಟದ ಎಕ್ಸ್‌ರೇಯನ್ನೂ ಮೊದಲು ತೆಗೆಸಬೇಕು. ನಮ್ಮಲ್ಲಿ ಜಾತಕ ಮೊದಲು, ವೈದ್ಯರು ಕೊನೆಗೆ.

ಕೆನಲ್ ಕ್ಲಬ್ ಕಾಗದ ಇದೆ ಎಂದು ಮೇಷ್ಟರು ಹೇಳಿದರೆ ಮರುಳಾಗಬೇಡಿ. ಅದು ವಂಶದ ದಾಖಲೆ. ಅಜ್ಜ ಯಾರು ಎಂದು ತಿಳಿಸುತ್ತದೆ, ಅಜ್ಜನ ಸೊಂಟ ಹೇಗಿತ್ತು ಎಂದಲ್ಲ.

ಮೇಷ್ಟರ ಮೇಲೆ ಕೋಪ ಬೇಡ. ಅವರಿಗೆ ಹೇಳಬೇಕಾದದ್ದು ಬ್ರೂನೋನನ್ನು ಡಾಕ್ಟರಿಗೆ ತೋರಿಸಿ ಎಂದು. ಅವನಿಗೆ ಈಗ ನೋವಿದೆ.

ಒಂಬತ್ತು ಮರಿಗಳ ಅಜ್ಜಿ, ವಿಜಯನಗರ ಎರಡನೇ ಹಂತ:

ನಾನು ಇದನ್ನು ಒಂದು ಸಲ ಮಾಡಿದವಳು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಚಿನ್ನಿಗೂ ಒಂದೇ ಸಲ ಎಂದು ಮಾಡಿಸಿದೆವು. ಏಳೆಂಟು ಎಂದುಕೊಂಡದ್ದು ಒಂಬತ್ತಾಯಿತು. ಎಲ್ಲವೂ ಒಂದೇ ಬಣ್ಣ, ಒಬ್ಬನ ಹಣೆಯ ಬಿಳಿ ಮಚ್ಚೆ ಬಿಟ್ಟರೆ ಗುರುತು ಹತ್ತದು. ಕೊರಳಿಗೆ ಒಂದೊಂದು ಬಣ್ಣದ ಉಣ್ಣೆಯ ದಾರ ಸಡಿಲವಾಗಿ ಕಟ್ಟಿ, ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದೆ. ಕೆಂಪು, ಹಳದಿ, ನೀಲಿ ದಿನದಿನಕ್ಕೂ ಏರುತ್ತಿದ್ದವು. ಹಸಿರು ದಾರದ್ದು ಮೂರು ದಿನ ನಾನ್ನೂರು ಗ್ರಾಂನಲ್ಲೇ ನಿಂತಿತು, ನಾಲ್ಕನೇ ದಿನ ಮುನ್ನೂರ ಎಂಬತ್ತು. ಎರಡು ಗಂಟೆಗೊಮ್ಮೆ ಎದ್ದು ಬಾಟಲಿಯಲ್ಲಿ ಕುಡಿಸಿದೆ. ಐದನೇ ದಿನ ಪುಸ್ತಕದಲ್ಲಿ ಅದರ ಸಾಲಿಗೆ ಬರೆಯುವುದಕ್ಕೆ ಏನೂ ಇರಲಿಲ್ಲ.

ಮೂರನೇ ವಾರ ಚಿನ್ನಿ ಏದುಸಿರು ಬಿಡುತ್ತಾ ನಡುಗಲು ಶುರುಮಾಡಿದಳು, ಕಾಲು ಸೆಟೆದುಕೊಂಡವು. ಚಳಿ ಎಂದು ಕಂಬಳಿ ಹೊದಿಸಿದೆ, ನನ್ನ ಬುದ್ಧಿ ಅಷ್ಟೇ. ಎಂಟು ಮರಿಗಳಿಗೆ ಹಾಲು ಕೊಟ್ಟು ರಕ್ತದಲ್ಲಿ ಸುಣ್ಣದ ಅಂಶ ಕುಸಿದಿತ್ತು. ರಾತ್ರಿ ಡಾಕ್ಟರು ಕ್ಯಾಲ್ಸಿಯಂ ಡ್ರಿಪ್ ಹಾಕಿ ಉಳಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ.

ಸೋತು ಮರಿಗಳನ್ನು ನಲವತ್ತು ದಿನಕ್ಕೇ ಕೊಟ್ಟುಬಿಟ್ಟೆ. ಅದು ನನ್ನ ತಪ್ಪು. ಕಚ್ಚುವುದನ್ನು ಎಷ್ಟಕ್ಕೆ ನಿಲ್ಲಿಸಬೇಕು ಎಂದು ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಕಚ್ಚಾಡಿಯೇ. ಒಂದು ದಸರಾ ಹೊತ್ತಿಗೆ ವಾಪಸ್ ಬಂತು, ಸೋಫಾ ಹರಿಯಿತಂತೆ. ನೀಲಿ ದಾರದವನನ್ನು ಎರಡು ವರ್ಷದ ಮೇಲೆ ಹೂಟಗಳ್ಳಿ ಕಡೆ ಒಂದು ಖಾಲಿ ನಿವೇಶನದ ಕಾವಲಿಗೆ ಸರಪಳಿ ಹಾಕಿ ಕಟ್ಟಿದ್ದನ್ನು ಬಸ್ಸಿನಿಂದ ಕಂಡೆ. ಹಣೆಯ ಮೇಲಿನ ಬಿಳಿ ಮಚ್ಚೆಯಿಂದ ಗುರುತು ಹಿಡಿದೆ. ಬಸ್ಸು ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ.

ಮದ್ದೂರಿನವ:

ನಿಮ್ಮ ಅತ್ತೆಯವರಿಗೆ ಪಾಪದ ಲೆಕ್ಕವೇ ಬೇಕಾದರೆ ನಮ್ಮ ತಾಲ್ಲೂಕಿನಲ್ಲಿ ಒಂದಿದೆ. ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ವೀರಗಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಇಮ್ಮಡಿ ಬೂತುಗ ಬೇಕಾದದ್ದನ್ನು ಬೇಡಿಕೋ ಎಂದ. ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು, ಅಲ್ಲಿನ ಗೊರವ (ಶಿವನ ಗುಡಿಯ ಪೂಜಾರಿ) ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಬರೆಸಿದರು. ಕಾಳಿಗೆ ಎಷ್ಟು ಮರಿಗಳಿದ್ದವು ಎಂಬುದನ್ನು ಯಾರೂ ಬರೆಸಲಿಲ್ಲ.

ನನ್ನದು ಬೀದಿಯಿಂದ ಬಂದ ಕರಿಯ. ಮುದ್ದೆ, ಬಸ್ಸಾರಿನ ಕಟ್ಟು ತೆಗೆದ ಕಾಳು ತಿಂದುಕೊಂಡಿದ್ದಾನೆ (ಉಪ್ಪು ಖಾರ ಹಾಕುವ ಮೊದಲೇ ತೆಗೆದಿಟ್ಟದ್ದು). ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್ ಕೊಟ್ಟು ಮಂಡ್ಯದ ತನಕ ಕರೆದುಕೊಂಡು ಹೋಗಿದ್ದೇನೆ. ಬಾಯಿಗೆ ಪಟ್ಟಿ, ಹಿಂದಿನ ಸೀಟು. ಬಾಗಲಕೋಟೆಗೆ ಬಸ್ಸು ನೆನೆಯಲೂ ಬೇಡಿ.

ಗಾರ್ಡ್ ಡಬ್ಬಿ:

ರೈಲಿನ ವಿಷಯ ನಾನು ಹೇಳುತ್ತೇನೆ. ನಾಯಿ ನಿಮ್ಮ ಜೊತೆಯೇ ಇರಬೇಕೆಂದರೆ ಮೊದಲ ದರ್ಜೆ ಮಾತ್ರ, ಅದರಲ್ಲೂ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿರಬೇಕು. ನೀವು ನಾಲ್ವರು, ಕ್ಯಾಬಿನ್‌ಗೆ ಸರಿಯಾಗುತ್ತೀರಿ. ಆದರೆ ನೀವು ಹಿಡಿಯುವ ರೈಲಿಗೆ ಮೊದಲ ದರ್ಜೆಯ ಬೋಗಿ ಇದೆಯೇ ಎಂದು ಮೊದಲು ನೋಡಿ. ಇದ್ದರೂ ಕ್ಯಾಬಿನ್ ನಿಮಗೇ ಸಿಕ್ಕಿದೆಯೇ ಎಂಬುದು ಚಾರ್ಟ್ ಬಂದ ಮೇಲೆಯೇ ತಿಳಿಯುವುದು. ಟಿಕೆಟ್ ತೆಗೆದುಕೊಂಡು ಪಾರ್ಸಲ್ ಕಚೇರಿಗೆ ಹೋಗಿ ನಾಯಿಯನ್ನು ತೂಕದ ಲೆಕ್ಕದಲ್ಲಿ ಬುಕ್ ಮಾಡಿಸಬೇಕು. ಲಸಿಕೆಯ ಪುಸ್ತಕ, ಹೊರಡುವ ಒಂದೆರಡು ದಿನ ಮುಂಚೆ ಪಶುವೈದ್ಯರು ಬರೆದುಕೊಟ್ಟ ಆರೋಗ್ಯ ಪತ್ರ, ಎರಡೂ ಕೈಯಲ್ಲಿರಲಿ. ಸ್ಲೀಪರ್, ಎರಡು ಮೂರು ಟಯರ್ ಎ.ಸಿ., ಚೇರ್ ಕಾರ್ ಯಾವುದರಲ್ಲೂ ದೊಡ್ಡ ನಾಯಿಯನ್ನು ಬಿಡುವುದಿಲ್ಲ.

ಉಳಿದದ್ದು ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ನಾನು ಒಮ್ಮೆ ನಮ್ಮ ಟಾಮಿಯನ್ನು ಹುಬ್ಬಳ್ಳಿಗೆ ಅದರಲ್ಲಿ ಒಯ್ದಿದ್ದೆ. ಪ್ರೀತಿ ಉಕ್ಕಿ ಹೊರಡುವ ಮುನ್ನ ಹೊಟ್ಟೆ ತುಂಬ ಮೊಸರನ್ನ ತಿನ್ನಿಸಿದ್ದೆ. ಅರಸೀಕೆರೆಯಲ್ಲಿ ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಿ ಹೋಗಿ ನೋಡಿದರೆ ಮೊಸರನ್ನ ಪೂರ್ತಿ ಹೊರಗೆ, ನೀರಿನ ಬಟ್ಟಲು ಬೋರಲು, ಅವನು ಮೂಲೆಗೆ ಒತ್ತಿಕೊಂಡು ನಿಂತಿದ್ದ. ಒರೆಸುವಷ್ಟರಲ್ಲಿ ಸಿಳ್ಳೆ ಹೊಡೆಯಿತು. ಮೂವತ್ತು ಕಿಲೋದ ಲ್ಯಾಬ್ರಡಾರ್‌ಗೆ, ಬೇಸಿಗೆಯಲ್ಲಿ, ಬೇಡ.

ಕಾರಿನಲ್ಲೇ ಹೋಗಿ. ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟರೆ ಬಿಸಿಲು ಏರುವ ಹೊತ್ತಿಗೆ ಅರ್ಧ ದಾರಿ ಸವೆದಿರುತ್ತದೆ. ಊಟ ಹಿಂದಿನ ರಾತ್ರಿಯೇ ಮುಗಿದಿರಲಿ, ನೀರು ಮಾತ್ರ ಎರಡು ಗಂಟೆಗೊಮ್ಮೆ. ಎದೆಗೆ ಹಾಕುವ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ, ಕುತ್ತಿಗೆಯ ಪಟ್ಟಿಗೆ ಬೇಡ. ತಿಂಡಿಗೆ ನಿಲ್ಲಿಸಿದಾಗ ಒಬ್ಬರು ಕಾರಿನ ಹೊರಗೆ ನಾಯಿಯ ಜೊತೆ ನೆರಳಿನಲ್ಲಿ ನಿಲ್ಲಿ. ಗಾಜು ನಾಲ್ಕು ಬೆರಳು ಇಳಿಸಿದ್ದೇನೆ ಎಂದು ಬಿಟ್ಟು ಹೋಗುವವರಿದ್ದಾರೆ. ಮೇ ಕೊನೆಯ ಬಿಸಿಲಿನಲ್ಲಿ ಹತ್ತೇ ನಿಮಿಷಕ್ಕೆ ಕಾರು ಒಲೆಯಾಗುತ್ತದೆ, ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪ್ರಯಾಣದಲ್ಲಿ ನಿದ್ದೆ ಬರಲಿ ಎಂದು ಮನುಷ್ಯರ ಮಾತ್ರೆ ಕೊಡಬೇಡಿ.

ಇನ್ನೊಂದು. ಬಾಗಲಕೋಟೆ ಎಂದ ಮೇಲೆ ಯಾರಾದರೂ ಮುಧೋಳ ಮರಿ ತೋರಿಸಿಯೇ ತೋರಿಸುತ್ತಾರೆ. ಆಸೆಯಾದರೆ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ಹೋಗಿ ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಅದು. ಓಡುವುದಕ್ಕೆ ಬಯಲು ಬೇಕು, ಬಾಡಿಗೆ ಮನೆಯ ಬಾಲ್ಕನಿ ಸಾಲದು.

ಕುವೆಂಪುನಗರದಾಕೆ:

ಎಲ್ಲರಿಗೂ ನಮಸ್ಕಾರ. ಒಂಬತ್ತು ಮರಿಗಳ ಅಜ್ಜಿ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಹಸಿರು ದಾರದ ಭಾಗಕ್ಕೆ ಬಂದಾಗ "ಸಾಕು, ನಿಲ್ಲಿಸು" ಎಂದರು. ರಾತ್ರಿ ರಾಗಿಯ ತಟ್ಟೆಗೆ ತಾವೇ ಎರಡು ತುತ್ತು ಹೆಚ್ಚು ಹಾಕಿದರು, ಅದೊಂದು ಬೇಡವಾಗಿತ್ತು.

ಮಂಗಳವಾರ ಡಾಕ್ಟರನ್ನು ಕಂಡೆವು. ಬೆದೆಯ ಸಮಯದಲ್ಲಿ ಆಪರೇಷನ್ ಮಾಡಿದರೆ ರಕ್ತ ಹೆಚ್ಚು ಹೋಗುತ್ತದೆ, ಬೆದೆ ಬರುವ ಮೊದಲೇ ಮಾಡೋಣ ಎಂದು ಮುಂದಿನ ಗುರುವಾರ ಕೊಟ್ಟಿದ್ದಾರೆ. ಹೊರಡುವ ಹೊತ್ತಿಗೆ ಗಾಯ ಮಾಗಿ ಎರಡು ತಿಂಗಳಾಗಿರುತ್ತದೆ. ಮೇಷ್ಟರಿಗೆ ಬ್ರೂನೋನ ಸೊಂಟದ ವಿಷಯ ಹೇಳಿದೆ. ಮುಖ ಗಂಟು ಹಾಕಿಕೊಂಡು "ನೋಡೋಣಮ್ಮ" ಎಂದರು. ನಿನ್ನೆ ಅವರ ಮಗ ಬ್ರೂನೋನನ್ನು ಕಾರಿಗೆ ಹತ್ತಿಸುತ್ತಿದ್ದ, ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಕಾರಿನಲ್ಲೇ ಹೋಗುವುದು ಎಂದಾಯಿತು. ಚಿತ್ರದುರ್ಗದ ಮೇಲೆ ಹೊಸಪೇಟೆ ದಾರಿ. ಆ ದಾರಿಯಲ್ಲಿ ನಾಯಿಯನ್ನು ಕೋಣೆಯೊಳಗೆ ಬಿಟ್ಟುಕೊಳ್ಳುವ, ಒಂದು ರಾತ್ರಿ ಉಳಿಯುವಂತಹ ಜಾಗ ಯಾರಿಗಾದರೂ ಗೊತ್ತಿದೆಯೇ? ಅತ್ತೆಗೆ ಮಂಡಿ ನೋವು, ನೆಲ ಅಂತಸ್ತಿನಲ್ಲಿದ್ದರೆ ಇನ್ನೂ ಒಳ್ಳೆಯದು.