ರಾಯಚೂರಿಗೆ ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯುವುದು ಹೇಗೆ?

ಪ್ರಶ್ನೆ – ರಾಯಚೂರು ನಿವಾಸಿ:
2008ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮೂರಿನಲ್ಲೇ ಇದ್ದರೂ, ಹೊರದೇಶದಿಂದ ರಾಜ್ಯಕ್ಕೆ ಬರುವ ವಿದ್ಯಾರ್ಥಿಗಳ ಗಮನವೆಲ್ಲ ಬೆಂಗಳೂರು, ಮೈಸೂರುಗಳ ಮೇಲಿರುತ್ತದೆ. ಅವರನ್ನು ಇತ್ತ ಕರೆತರಲು ಏನು ಮಾಡಬಹುದು? ಬಲ್ಲವರು ದಯವಿಟ್ಟು ತಿಳಿಸಿ.

ಕೃಷಿ ಪದವೀಧರ, ಸಿಂಧನೂರು:
ಸರ್, ಜಾಹೀರಾತಿಗಿಂತ ಮೊದಲು, ಇಲ್ಲಿ ಮಾತ್ರ ಕಲಿಯಬಹುದಾದದ್ದು ಯಾವುದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಒಂದೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಾಗೂ ಅತಿಯಾದ ನೀರಿನಿಂದ ಸವುಳಾದ ಜಮೀನುಗಳು, ಇನ್ನೊಂದೆಡೆ ಮಳೆಯನ್ನೇ ನಂಬಿದ ತೊಗರಿ, ಹತ್ತಿಯ ಎರೆಹೊಲಗಳು ಒಂದೇ ಜಿಲ್ಲೆಯಲ್ಲಿ ನೋಡಸಿಗುತ್ತವೆ. ಸುಡಾನ್, ಇಥಿಯೋಪಿಯಾಗಳಲ್ಲಿಯೂ ಇಂಥದೇ ಕಪ್ಪು ಮಣ್ಣು ವಿಸ್ತಾರವಾಗಿ ಇರುವುದರಿಂದ, ಅಲ್ಲಿಯ ವಿದ್ಯಾರ್ಥಿಗೆ ಇಲ್ಲಿನ ಸಂಶೋಧನೆ ಊರಿಗೆ ಮರಳಿದ ಮೇಲೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೈಪಿಡಿಯ ಮೊದಲ ಪುಟದಲ್ಲಿ ಕಟ್ಟಡದ ಚಿತ್ರದ ಬದಲು ಈ ಮಾತು ಇರಲಿ.

ನಿವೃತ್ತ ಅಧ್ಯಾಪಕ, ಬಳ್ಳಾರಿ:
ಸೀಟುಗಳು ಅಡ್ಡಿಯಲ್ಲ, ಉನ್ನತ ಶಿಕ್ಷಣ ಸಂಸ್ಥೆಗಳು ವಿದೇಶಿಯರಿಗಾಗಿ ಶೇ. 25ರವರೆಗೆ ಹೆಚ್ಚುವರಿ ಸೀಟು ನೀಡಲು ಯುಜಿಸಿ 2022ರಲ್ಲಿಯೇ ಅವಕಾಶ ಕಲ್ಪಿಸಿದೆ. ತೊಡಕಿರುವುದು ದಿನನಿತ್ಯದ ವ್ಯವಹಾರದಲ್ಲಿ. 180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾ ಪಡೆದವರು ಬಂದ 14 ದಿನಗಳೊಳಗೆ ನೋಂದಣಿ ಮಾಡಿಸಬೇಕಾಗಿರುವುದರಿಂದ, ಅದಕ್ಕೆ ನೆರವಾಗುವ ಒಬ್ಬ ಜವಾಬ್ದಾರಿಯುತ ಅಧಿಕಾರಿ, ರಜೆಯಲ್ಲಿಯೂ ತೆರೆದಿರುವ ಹಾಸ್ಟೆಲ್ ಹಾಗೂ ಬಾಡಿಗೆ ಮನೆ ಕೊಡಲು ಹಿಂಜರಿಯದ ಮಾಲೀಕರು ಬೇಕು. (ಮೂರನೆಯದೇ ಎಲ್ಲಕ್ಕಿಂತ ಕಷ್ಟ.)

ಇತಿಹಾಸ ಆಸಕ್ತ, ಕೊಪ್ಪಳ:
ಕೃಷಿಯೊಂದೇ ಏಕೆ? 1915ರಲ್ಲಿ ಅಶೋಕನ ಹೆಸರಿರುವ ಶಾಸನ ದೊರೆತ ಮಸ್ಕಿ ನಿಮ್ಮ ಜಿಲ್ಲೆಯಲ್ಲಿಯೇ ಇದೆ. ಆನೆಗೊಂದಿ, ಹಂಪಿ ದೂರವಲ್ಲ. ಬಿಸಿಲು ಕಡಿಮೆಯಿರುವ ನವೆಂಬರ್‌ನಿಂದ ಫೆಬ್ರವರಿಯ ನಡುವೆ ಶಾಸನಶಾಸ್ತ್ರದ ಅಲ್ಪಾವಧಿ ಕೋರ್ಸ್ ಆರಂಭಿಸಿದರೆ, ಪೂರ್ಣ ಪದವಿಗೆ ಬರಲಾರದವರೂ ಬರಬಹುದು.