ಲತಾ ಹಾಕಿದ ಪಿಡಿಎಫ್

ಲತಾ: ಎಲ್ಲರೂ ಒಮ್ಮೆ ಓದಿ. ಎಫ್‌ಜಿಎಂ, ಅಂದ್ರೆ ಹೆಣ್ಣುಮಕ್ಕಳ ಜನನಾಂಗ ಕೊಯ್ದಿರುವುದನ್ನು ಎಮರ್ಜೆನ್ಸಿಯಲ್ಲಿ ಗುರುತಿಸುವುದು ಹೇಗೆ ಅಂತ. ಮೂರೇ ಪುಟ.

ಗಿರೀಶ: ಬೆಳಗ್ಗೆ ಬೆಳಗ್ಗೆ ಇದೇನೇ? ಎಮರ್ಜೆನ್ಸಿಯವರು ರಕ್ತ ನಿಲ್ಲಿಸಬೇಕು, ಬಿಪಿ ನೋಡಬೇಕು. ಇದು ಗೈನಕ್‌ನವರ ಕೆಲಸ.

ಲತಾ: ಆ ರಕ್ತ ಎಲ್ಲಿಂದ ಬರುತ್ತಿದೆ ಅಂತ ನೋಡಬೇಡ್ವಾ? ಹೊಸದಾಗಿ ಕೊಯ್ದ ಮಗುವನ್ನು ತಂದು "ಆಡುವಾಗ ಬಿದ್ದಳು" ಅನ್ನಬಹುದು. ಜ್ವರ ಇರುತ್ತದೆ, ಕೂರಲು ಆಗುವುದಿಲ್ಲ, ಉರಿಗೆ ಹೆದರಿ ಮೂತ್ರ ಬಿಗಿಹಿಡಿದಿರುತ್ತಾಳೆ. ಆ ಹೊತ್ತಿನಲ್ಲಿ ಗೈನಕ್ ಓಪಿಡಿಗೆ ಹೋಗುತ್ತಾರಾ?

ಪ್ರಕಾಶ: ಶುಭೋದಯ 🌹

ಸುಧಕ್ಕ: ಪ್ರಕಾಶ, ಸ್ವಲ್ಪ ತಡಿಯಪ್ಪ.

ರವಿ: ಗಂಡುಮಕ್ಕಳಿಗೂ ಸುನ್ನತಿ ಮಾಡುತ್ತಾರಲ್ಲ, ಆಗ ಯಾರೂ ಕೂಗಾಡುವುದಿಲ್ಲ.

ಲತಾ: ರವಿ, ಎರಡೂ ಒಂದೇ ಅಲ್ಲ ಮಾರಾಯ. ಡಬ್ಲ್ಯೂಎಚ್‌ಒ ಇದರಲ್ಲಿ ನಾಲ್ಕು ಬಗೆ ಹೇಳುತ್ತದೆ. ಮೂರನೆಯದರಲ್ಲಿ ಯೋನಿಯ ತುಟಿಗಳನ್ನು ಕೊಯ್ದು ಸೇರಿಸಿ, ಒಂದು ಸಣ್ಣ ತೂತು ಮಾತ್ರ ಬಿಡುತ್ತಾರೆ. ಮೂತ್ರ, ಮುಟ್ಟು ಎಲ್ಲ ಅದರಲ್ಲೇ ಬರಬೇಕು. ಇದರಿಂದ ಆರೋಗ್ಯಕ್ಕೆ ಒಂದು ಲಾಭವೂ ಇಲ್ಲ. ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದಂತೆ ಇದಕ್ಕೆ ಒಳಗಾದ ಹೆಣ್ಣುಮಕ್ಕಳು 23 ಕೋಟಿಗೂ ಜಾಸ್ತಿ.

ಗಿರೀಶ: ಸರಿ, ಆದರೆ ನಾವು ಎಷ್ಟು ನೋಡಿದ್ದೇವೆ ಹೇಳು? ನಾನಂತೂ ಒಂದೂ ನೋಡಿಲ್ಲ.

ಲತಾ: ನೋಡಿಲ್ಲವಾ, ನೋಡಿದರೂ ಗೊತ್ತಾಗಲಿಲ್ಲವಾ? ನಾನು ನೋಡಿದ್ದೇನೆ. ನೈಟ್ ಡ್ಯೂಟಿ, ಮೂತ್ರ ಕಟ್ಟಿ ಒದ್ದಾಡುತ್ತಿದ್ದ ಹುಡುಗಿ. ಕೆಥೆಟರ್ ಹಾಕಲು ಹೋದರೆ ದಾರಿಯೇ ಸಿಗಲಿಲ್ಲ. ಎದುರಿಗೆ ನುಣ್ಣನೆಯ ಗಾಯದ ಕಲೆ, ನಡುವೆ ಬೆರಳ ತುದಿಯೂ ಹೋಗದ ತೂತು. ಮೂರು ಸಲ ಪ್ರಯತ್ನಿಸಿದೆ, ಅವಳು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಕೊನೆಗೆ ಹೊಟ್ಟೆಯ ಮೂಲಕ ಟ್ಯೂಬ್ ಹಾಕಿದರು. ಕೇಸ್ ಶೀಟ್‌ನಲ್ಲಿ ನಾನು ಬರೆದದ್ದು "ಹುಟ್ಟಿನಿಂದ ಬಂದ ದೋಷ". ನಾಲ್ಕು ವರ್ಷ ಆದ ಮೇಲೆ ಇಂಥದ್ದೇ ಒಂದು ಪಿಡಿಎಫ್ ಓದುವಾಗ ತಲೆಗೆ ಹೊಳೆಯಿತು.

ಸುಧಕ್ಕ: ಯಾರೂ ಅವಳನ್ನು ಕೇಳಲಿಲ್ಲವಾ?

ಲತಾ: ಕೇಳಿದೆವು ಅಕ್ಕ, ಜೊತೆಗೆ ಬಂದಿದ್ದ ಅತ್ತೆಯನ್ನು. ಅವಳ ಭಾಷೆ ನಮಗೆ ಬರುತ್ತಿರಲಿಲ್ಲ, ಅತ್ತೆಯೇ ಎಲ್ಲದಕ್ಕೂ ಉತ್ತರ ಕೊಟ್ಟರು. ಮನೆಯವರನ್ನು ಇಟ್ಟುಕೊಂಡು ಕೇಳಲೇಬಾರದು, ಹೊರಗಿನ ದುಭಾಷಿ ಬೇಕು ಅಂತ ಆಮೇಲೆ ಕಲಿತದ್ದು.

ರವಿ: ಕೇಳಿದರೆ ಅವಮಾನ ಅಂದುಕೊಳ್ಳುವುದಿಲ್ಲವಾ?

ಸುಧಕ್ಕ: ಕೇಳುವ ಬಗೆಯಲ್ಲಿದೆ ರವಿ. ಯಾಕೆ ಕೇಳುತ್ತಿದ್ದೇನೆ ಅಂತ ಮೊದಲು ಹೇಳು. ಆಮೇಲೆ "ಚಿಕ್ಕವಳಿದ್ದಾಗ ಅಲ್ಲಿ ಏನಾದರೂ ಕೊಯ್ದಿದ್ದರಾ?" ಅಂತ ಸಾದಾ ಮಾತಲ್ಲಿ ಕೇಳು. ಮುಖ ಸಿಂಡರಿಸಬೇಡ, ಸುಮ್ನೆ ನೋಡಲಿ ಅಂತ ಜೂನಿಯರ್‌ಗಳನ್ನು ಕರೆಯಬೇಡ. ಮನೆಯಲ್ಲಿ ತಂಗಿ, ಮಗಳು ಇದ್ದಾರಾ ಅಂತಲೂ ಕೇಳು. ಇಂಗ್ಲೆಂಡ್, ವೇಲ್ಸ್‌ನಲ್ಲಿ 2015ರಿಂದ 18ರೊಳಗಿನ ಹುಡುಗಿಯಲ್ಲಿ ಇದು ಕಂಡರೆ ಡಾಕ್ಟರು, ನರ್ಸು ಪೊಲೀಸರಿಗೆ ತಿಳಿಸಲೇಬೇಕು.

ಗಿರೀಶ: ಪೊಲೀಸು ಅಂದ್ರೆ ಮುಂದಿನ ಸಲ ಆಸ್ಪತ್ರೆಗೇ ಕರೆತರುವುದಿಲ್ಲ ಅಕ್ಕ.

ಸುಧಕ್ಕ: ಆ ಭಯ ನನಗೂ ಇದೆ. ಹಾಗಂತ ಹುಟ್ಟಿನ ದೋಷ ಅಂತ ಬರೆದು ಕಳಿಸೋದಾ?

ಗಿರೀಶ: ಹಾಗಲ್ಲ. ಯಾವ ಬಗೆ ಅಂತ ಗೊತ್ತಾಗದಿದ್ದರೆ ಏನು ಬರೆಯೋದು?

ಲತಾ: ಕಂಡದ್ದನ್ನು ಬರಿ. ಕಲೆ ಎಲ್ಲಿದೆ, ಏನು ಇಲ್ಲ, ತೂತು ಎಷ್ಟಿದೆ. ಎರಡನೇ ಪುಟದಲ್ಲಿ ಚಿತ್ರ ಇದೆ.

ಗಿರೀಶ: ಪಿಡಿಎಫ್ ಓಪನ್ ಆಗುತ್ತಿಲ್ಲ, ಇನ್ನೊಮ್ಮೆ ಹಾಕು.